ಅರ್ಧ ಕಿಲೋ ಕಮ್ಮಿ

ಮುಗಿಲಹಟ್ಟಿಗೆ ಕಾಲಿಟ್ಟರೆ ಯಾರ ಮೈಯಲ್ಲೂ ಪೂರ್ತಿ ತೂಕ ಉಳಿಯುವುದಿಲ್ಲ. ಆದ್ದರಿಂದ ಊರಬಾಗಿಲಲ್ಲೇ ಮಕ್ಕಳನ್ನು ದೊಡ್ಡವರ ಸೊಂಟಕ್ಕೆ ಹಗ್ಗದಿಂದ ಕಟ್ಟಿ ಒಳಗೆ ಬಿಡುತ್ತಾರೆ. ಇಬ್ಬರು ಮಕ್ಕಳಿದ್ದರೆ ದೊಡ್ಡವರು ಐವತ್ತು ಕಿಲೋ ತೂಗಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರು ಮಕ್ಕಳೊಂದಿಗೆ ಬಂದಿಳಿದ ನಳಿನಾಕ್ಷಿ ಬಾಗಿಲ ಹೊರಗಿನ ತೂಕದ ಮಿಷನ್ ಹತ್ತಿದಳು.

"ಅರ್ಧ ಕಿಲೋ ಕಮ್ಮಿ ಕಣಕ್ಕ," ಎಂದಳು ಬಾಗಿಲು ಕಾಯುವ ರಾಚವ್ವ. "ತಿಂಡಿ ಆಗಿಲ್ವಾ?"

"ಇವತ್ತು ಸಂಕಷ್ಟಿ. ಚಂದ್ರ ಕಾಣೋವರೆಗೂ ನೀರೂ ಕುಡಿಯಲ್ಲ."

"ಹಂಗಾದ್ರೆ ಮಕ್ಕಳಲ್ಲಿ ಒಬ್ರನ್ನ ನನ್ನತ್ರ ಬಿಟ್ಟೋಗಿ."

ಆರು ವರ್ಷದ ಇಂಚರ ತಮ್ಮನನ್ನು ನೋಡಿದಳು. ನಾಲ್ಕು ವರ್ಷದ ಪೃಥು ಅಕ್ಕನನ್ನು ನೋಡಿದ. ಇಬ್ಬರೂ ಅಳಲಿಲ್ಲ. ಅದನ್ನೇ ನಳಿನಾಕ್ಷಿಗೆ ತಾಳಲಾಗಲಿಲ್ಲ.

"ನೀನು ಯಾಕಮ್ಮ ಉಪವಾಸ ಮಾಡೋದು?" ಎಂದು ಇಂಚರ ಕೇಳಿದಳು.

ಹೋದ ವರ್ಷ ಇದೇ ಊರಲ್ಲಿ ಹಗ್ಗ ಸಡಿಲವಾಗಿ ಪೃಥು ಅರಳಿಮರದ ತುದಿಯವರೆಗೆ ತೇಲಿಹೋಗಿದ್ದ. ಅವನನ್ನು ಇಳಿಸಿಕೊಳ್ಳುವಾಗ ಹೊತ್ತ ಹರಕೆ ಅದು. ಮತ್ತೆ ಇಲ್ಲಿಗೇ ಬರೋಣವೆಂದು ವರ್ಷವಿಡೀ ಗೋಗರೆದವನೂ ಅವನೇ.

"ನಿನ್ ತಮ್ಮ ಹಾರಿಹೋಗದೆ ಇರಲಿ ಅಂತ."

"ಅದಕ್ಕೆ ನೀನೇ ಹಗುರ ಆಗ್ಬಿಟ್ರೆ ಹೆಂಗೆ?"

ರಾಚವ್ವ ಮುಖ ತಿರುಗಿಸಿಕೊಂಡು ನಕ್ಕಳು. ನಳಿನಾಕ್ಷಿ ಕಣ್ಣು ಮುಚ್ಚಿ ಗಣಪತಿಗೆ ತಪ್ಪೊಪ್ಪಿಕೊಂಡಳು. ಎದುರಿನ ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು, ಎರಡು ಲೋಟ ನೀರು ಕುಡಿದು ಬಂದು ಮತ್ತೆ ಹತ್ತಿದಳು. ಮುಳ್ಳು ಐವತ್ತು ದಾಟಿತು.

ರಾಚವ್ವ ಮಕ್ಕಳನ್ನು ಕಟ್ಟಲು ಹಗ್ಗದ ಸುರುಳಿ ಬಿಚ್ಚತೊಡಗಿದಳು.

"ತಡೀರಿ," ಎಂದು ನಳಿನಾಕ್ಷಿ ಕೆಳಗಿಳಿದಳು. "ಇನ್ನೆರಡು ತಿಂದ್ಕೊಂಡು ಬರ್ತೀನಿ. ಒಳಗೆ ಗಾಳಿ ಜಾಸ್ತಿ."