ಬೆರಳು ತೋರಿಸುವ ಸಾಲು

ಕೊನೆಯ ಸಾಲು ಹಾಡುವ ಮುಂಚೆ ವರ್ಲೀನ್ ತೋರುಬೆರಳೆತ್ತಿ, ಕೂತ ಜನರ ಮೇಲೆ ನಿಧಾನವಾಗಿ ತಿರುಗಿಸತೊಡಗಿದಳು. ತನ್ನ ಗಂಡನನ್ನು ಸೆಳೆದುಕೊಂಡವಳನ್ನು ಹೆಂಡತಿಯೊಬ್ಬಳು ಹುಡುಕುವ ಹಳೆಯ ಹಾಡು ಅದು. ಕೆಂಟಕಿಯ ಆ ಕಣಿವೆಯಲ್ಲಿ ಅದನ್ನು ಹಾಡುವವಳು ಕಡೆಗೆ ಯಾರಾದರೊಬ್ಬಳತ್ತ ಬೆರಳು ತೋರಿಸಲೇಬೇಕು. ಪ್ರತಿ ವರ್ಷ ಫೈರ್ ಸ್ಟೇಷನ್ನಿನವರು ಊರಿಗೆಲ್ಲ ಹಾಕಿಸುವ ಮೀನೂಟದ ದಿನ ವರ್ಲೀನ್ ಹಾಡುತ್ತಿದ್ದಳು, ಗಂಡ ಹೋಬರ್ಟ್ ಗಿಟಾರ್ ನುಡಿಸುತ್ತಿದ್ದ, ಬೆರಳು ಎಂಬತ್ತು ದಾಟಿದ ಓಪಲ್ ಅಜ್ಜಿಯ ಮೇಲೆ ನಿಲ್ಲುತ್ತಿತ್ತು.

"ನನ್ನನ್ನೇ ತೋರ್ಸೇ ಹುಡುಗಿ, ಹೊಸ ಹಲ್‌ಸೆಟ್ಟು ಹಾಕ್ಕೊಂಡು ಬಂದಿದೀನಿ!" ಎಂದು ಅಜ್ಜಿ ಕೂಗಿದಳು. "ಏನೋ ಹೋಬರ್ಟ್, ಓಡ್ಹೋಗೋಣ್ವಾ?" ಜನ ಮೇಜು ಕುಟ್ಟಿ ನಕ್ಕರು.

ಬೆರಳು ವರ್ಲೀನಳ ಬಾಲ್ಯದ ಗೆಳತಿ ನೆಟ್ಟಿಯನ್ನು ದಾಟುವಾಗ ಗಿಟಾರಿನ ತಾಳ ತಪ್ಪಿತು. ಹೋಬರ್ಟ್ ಕುಡಿದಾಗಲೂ ತಾಳ ತಪ್ಪಿದವನಲ್ಲ. ವರ್ಲೀನ್ ಬೆರಳನ್ನು ಮುಂದೆ ಒಯ್ದಳು, ತಾಳ ಸರಿಹೋಯಿತು. ತಮಾಷೆಗೆಂಬಂತೆ ಹಿಂದಕ್ಕೆ ತಂದಳು; ನೆಟ್ಟಿಯ ಎದುರು ಬಂದೊಡನೆ ತಂತಿಗಳು ಮತ್ತೆ ತಡವರಿಸಿದವು. ನೆಟ್ಟಿ ತಟ್ಟೆಯಲ್ಲಿದ್ದ ಮೆಕ್ಕೆಜೋಳದ ಬ್ರೆಡ್ಡನ್ನು ಪುಡಿಮಾಡುತ್ತ ಕೂತಿದ್ದಳು, ತಲೆಯೆತ್ತಲಿಲ್ಲ.

"ನಾನಿಲ್ಲಿದೀನಿ ಕಣೇ!" ಅಜ್ಜಿ ಕೈ ಬೀಸಿದಳು. ವರ್ಲೀನ್ ಬೆರಳನ್ನು ಅವಳತ್ತ ತಿರುಗಿಸಿದಳು. ಕೊನೆಯ ಸಾಲನ್ನು ಮಾತ್ರ ಹಾಡಲಿಲ್ಲ. ಬಾಯಿಪಾಠವಿದ್ದ ಜನರೇ ಅದನ್ನು ಗಟ್ಟಿಯಾಗಿ ಹಾಡಿ ಮುಗಿಸಿದರು. ಆಮೇಲೆ ಎಂದಿನಂತೆ, "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗಿದರು. ಹೋಬರ್ಟ್ ಆಗಲೇ ಗಿಟಾರನ್ನು ಕೆಳಗಿಡುತ್ತಿದ್ದ.

"ಇಡ್ಬೇಡ," ಎಂದಳು ವರ್ಲೀನ್, ಅವನ ಮುಖ ನೋಡದೆ. "ಮೊದಲಿಂದ ನುಡ್ಸು."