ಕನ್ನಡಕದ ಮೇಲಿನ ಹೆಬ್ಬೆರಳು

“ಹುಳಹುಪ್ಪಟೆಗಾದ್ರೆ ನೂರು ಎಂಎಂ ಮ್ಯಾಕ್ರೋ ಲೆನ್ಸ್ ತಗೊಳ್ಳಮ್ಮ, ದೂರದಿಂದ್ಲೇ ತೆಗೀಬಹುದು. ಅರವತ್ತರದು ಹಿಡ್ಕೊಂಡು ಮೂತಿ ಹತ್ರ ಹೋದ್ರೆ ಜೇನು ಪೋಸ್ ಕೊಡಲ್ಲ, ಕಚ್ಚುತ್ತೆ,” ಎಂದು ಕ್ಯಾಮೆರಾ ಅಂಗಡಿಯ ಮುದುಕ ನಕ್ಕ.

“ಇದು ಎಲ್ಲಿಗೂ ಹಾರಿಹೋಗಲ್ಲ,” ಎಂದು ಅವಳು ಪುಟ್ಟ ಡಬ್ಬಿ ತೆರೆದು ಗಂಡನ ಕನ್ನಡಕವನ್ನು ಮೇಜಿನ ಮೇಲಿಟ್ಟಳು. ಅವನು ತೀರಿಕೊಂಡ ದಿನದಿಂದ ಅದನ್ನು ಯಾರೂ ಮುಟ್ಟದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಎಡಗಾಜಿನ ಮೇಲೆ ಅವನ ಹೆಬ್ಬೆರಳು ಒತ್ತಿದ ಗುರುತಿತ್ತು. ಅದು ಮಾಸುವ ಮೊದಲು ಗೆರೆಗೆರೆಯೂ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು.

ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಜೀವಮಾನವಿಡೀ ಗಾಜು ಒರೆಸಿದ ಮುದುಕನ ಕೈ ಕನ್ನಡಕವನ್ನು ಎತ್ತಿಕೊಂಡಿತ್ತು. ಅವನು ಅಭ್ಯಾಸಬಲದಿಂದ ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟ. ಆ ಮಂಜಿನಲ್ಲಿ ಗಂಡನ ಹೆಬ್ಬೆರಳು, ಎಂದೋ ಚಾಕು ತಾಗಿ ಉಳಿದ ಗೀಟಿನ ಸಮೇತ, ಇಡಿಯಾಗಿ ಮೂಡಿ ನಿಂತಿತು. ಅವಳು ‘ಬೇಡ’ ಎನ್ನುವ ಮೊದಲೇ ಅದರ ಮೇಲೆ ಮುದುಕನ ಒರೆಸುವ ಬಟ್ಟೆ ಆಡಿತು.