ಕೊಟ್ಟ ಮುಖ

ಕಣ್ಣಿಗೆ ಲೇಸರ್ ಮಾಡಿಸಿಕೊಂಡರೆ ದೃಷ್ಟಿ ಬರುತ್ತದೆ, ಆದರೆ ಒಬ್ಬರ ಮುಖ ಮತ್ತೆಂದೂ ಕಾಣುವುದಿಲ್ಲ. ಯಾರದೆಂದು ನಾವೇ ಹೇಳಬೇಕು. ಸೂಜಿಗೆ ದಾರ ಪೋಣಿಸಲಾಗದೆ ನನ್ನ ಹೊಲಿಗೆ ಕೆಲಸ ಹೋಗುವುದರಲ್ಲಿತ್ತು.

“ಎಲ್ಲರೂ ಸತ್ತವರದ್ದೇ ಕೊಡೋದು ಕಣೇ. ನಿಮ್ಮಪ್ಪನ್ನ ಇನ್ನೆಲ್ಲಿ ನೋಡ್ತೀಯಾ? ನಾನು ನಿಮ್ಮ ಮಾವನ್ನ ಕೊಟ್ಟೆ, ಪೀಡೆ ತೊಲಗ್ತು,” ಎಂದು ಸೋದರತ್ತೆ ನಕ್ಕರು.

ಆಪರೇಷನ್ನಿಗೆ ಮುಂಚೆ ಅಪ್ಪನ ಫೋಟೋವನ್ನು ತುಂಬ ಹೊತ್ತು ನೋಡಿಕೊಂಡೆ.

ಪಟ್ಟಿ ಬಿಚ್ಚಿದ ಮೇಲೆ ಒಂದೇ ಸಲಕ್ಕೆ ದಾರ ಪೋಣಿಸಿದೆ. ಫೋಟೋದಲ್ಲಿ ಅಪ್ಪನ ಅಂಗಿ ಮಾತ್ರ ಇತ್ತು. ಬೊಟ್ಟು ಇಟ್ಟುಕೊಳ್ಳಲು ಕನ್ನಡಿಯ ಮುಂದೆ ನಿಂತೆ. ಜಡೆ ಕಂಡಿತು, ಓಲೆಗಳು ಕಂಡವು. ನಡುವೆ ಏನೂ ಇರಲಿಲ್ಲ.

“ಅಯ್ಯೋ ಕೂಸೇ, ನೀನು ನಿಮ್ಮಪ್ಪನದೇ ಪಡಿಯಚ್ಚು ಅನ್ನೋದು ನಮಗೆ ಹೊಳೀಲೇ ಇಲ್ಲವಲ್ಲೇ!” ಎಂದು, ನನ್ನ ಕೂಗು ಕೇಳಿ ಓಡಿಬಂದ ಅತ್ತೆ ತಾವೇ ನನ್ನ ಹಣೆಗೆ ಬೊಟ್ಟಿಟ್ಟರು.

ಕನ್ನಡಿಯಲ್ಲಿ ಓಲೆಗಳ ನಡುವೆ ಆ ಬೊಟ್ಟೊಂದೇ ಕಾಣಿಸಿತು.